ಅಂಚಿನಲ್ಲಲ್ಲ, ನೋಟ್‌ಬುಕ್ಕಿನಲ್ಲಿ
ಇಂಗ್ಲಿಷ್ ಕಾದಂಬರಿಕಾರ್ತಿ ವರ್ಜೀನಿಯಾ ವುಲ್ಫ್ ತಾವು ಓದುವ ಪುಸ್ತಕದ ಅಂಚಿನಲ್ಲೇ ಟಿಪ್ಪಣಿ ಗೀಚುತ್ತಿದ್ದರು ಎಂದು ಅವರ ಬಗೆಗಿನ ಒಂದು ಲೇಖನದಲ್ಲಿದೆ. ಆದರೆ ಅವರು ಹಾಗೆ ಮಾಡಿದ್ದು ಅಪರೂಪ. ಅವರು ಓದುತ್ತಿದ್ದದ್ದು ಪಕ್ಕದಲ್ಲಿ ನೋಟ್‌ಬುಕ್ ಇಟ್ಟುಕೊಂಡು. ಹಾಳೆಯ ಎಡಕ್ಕೆ ಗೆರೆ ಎಳೆದು ಅಲ್ಲಿ ಪುಟಸಂಖ್ಯೆ, ಬಲಕ್ಕೆ ಉದ್ಧೃತ ಸಾಲೋ ಅನಿಸಿಕೆಯೋ. ಹೀಗೆ ತುಂಬಿದ ಓದಿನ ನೋಟ್‌ಬುಕ್ಕುಗಳು 67 ಉಳಿದಿವೆ. ಹೆಚ್ಚಿನವು ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದಲ್ಲೂ ಸಸೆಕ್ಸ್ ವಿಶ್ವವಿದ್ಯಾಲಯದಲ್ಲೂ ಇವೆ. ಬಳಸುವವರಿಗೆ ಒಂದು ತೊಡಕಿದೆ: ಪುಟಸಂಖ್ಯೆ ಅವರ ಕೈಯಲ್ಲಿದ್ದ ಆವೃತ್ತಿಯದು. ಬೇರೆ ಮುದ್ರಣ ಹಿಡಿದು ಹುಡುಕಿದರೆ ಸಾಲು ಸಿಗುವುದಿಲ್ಲ, ಮೊದಲು ಆವೃತ್ತಿ ಗುರುತಿಸಬೇಕು. ಎಲ್ಲ ಕಡೆ ದಿನಾಂಕವೂ ಇಲ್ಲ. ದಿನಚರಿ, ಪತ್ರ, ಅಚ್ಚಾದ ವಿಮರ್ಶೆಗಳ ಜೊತೆ ತಾಳೆ ನೋಡಿದರೇ ಕಾಲ ತಿಳಿಯುವುದು. ಇನ್ನೊಂದು, ಅವರ ಓದು ಶಾಲೆಯಲ್ಲಿ ಕಲಿತದ್ದಲ್ಲ. ಅಪ್ಪ ಲೆಸ್ಲಿ ಸ್ಟೀಫನ್ ಅವರ ಪುಸ್ತಕದ ಕೋಣೆಯೇ ಶಾಲೆ. ಅವರು ತೀರಿಕೊಂಡ 1904ರಲ್ಲೇ ಮಗಳು ಲಂಡನ್ ಲೈಬ್ರರಿಯ ಸದಸ್ಯೆಯಾದರು.