ಗಾಡಿ ಚಾವಿ ಕೊಡ್ರಿ ಸರ

ಟಪ್.

ಈ ವಾಕ್ಯ ಮುಗಿಯುವಷ್ಟರಲ್ಲಿ ಇನ್ನೊಂದು ಬಿತ್ತು. ಬಚ್ಚಲಮನೆಯ ನಳ ಸೋರಲಿಕ್ಕೆ ಹತ್ತಿ ಇವತ್ತಿಗೆ ಹನ್ನೊಂದು ದಿನ. "ಹತ್ತು ನಿಮಿಷದಾಗ ಬಂದೆ ನೋಡ್ರಿ ಸರ" ಅಂತ ಪ್ಲಂಬರ್ ಫೋನಿನಲ್ಲಿ ಹೇಳಿ ಇವತ್ತಿಗೆ ಹತ್ತು ದಿನ.

ಹಗಲು ಹೊತ್ತಿನಲ್ಲಿ ಈ ಸದ್ದು ಯಾರ ಕಿವಿಗೂ ಬೀಳುವುದಿಲ್ಲ. ರಾತ್ರಿ ಓಣಿಯ ನಾಯಿಗಳೂ ಬೊಗಳಿ ದಣಿದು ಮಲಗಿದ ಮೇಲೆ ಕಛೇರಿ ಶುರು. ಖಾಲಿ ಬಕೀಟು ಇಟ್ಟರೆ ತಬಲಾ, ಅರ್ಧ ತುಂಬಿದರೆ ಜಲತರಂಗ. ನಳದ ಬಾಯಿಗೆ ಹಳೇ ಬನಿಯನ್ನಿನ ಚೂರು ಕಟ್ಟಿ ನೀರು ಬಟ್ಟೆಗುಂಟ ಇಳಿಯುವಂತೆ ಮಾಡಿದರೆ ಸದ್ದೇನೋ ನಿಲ್ಲುತ್ತದೆ (ಬಟ್ಟೆಯ ತುದಿ ಬಕೀಟಿನ ನೀರಿಗೆ ತಾಗುವಷ್ಟು ಉದ್ದ ಇರಬೇಕು, ಇಲ್ಲದಿದ್ದರೆ ಅದೂ ಟಪಟಪ). ಆದರೆ ಆಮೇಲೆ ಸದ್ದು ಯಾಕೆ ನಿಂತಿತು ಎಂಬ ಚಿಂತೆಗೆ ನಿದ್ದೆ ಹತ್ತುವುದಿಲ್ಲ.

ನಿದ್ದೆ ಹತ್ತದವರಿಗೆ ಲೆಕ್ಕವೇ ಗತಿ. ಸೆಕೆಂಡಿಗೊಂದು ಹನಿ ಎಂದರೆ ದಿನಕ್ಕೆ 86,400 ಹನಿ. ಆಸ್ಪತ್ರೆಯ ಸಲಾಯಿನ್ ಲೆಕ್ಕದಲ್ಲಿ 20 ಹನಿಗೆ ಒಂದು ಮಿಲಿಲೀಟರ್ ಹಿಡಿದರೂ ದಿನಕ್ಕೆ ನಾಲ್ಕು ಲೀಟರಿನ ಮೇಲಾಯಿತು. ನೀರು ಬಿಡುವವರ ಮರ್ಜಿ ಕಾಯುತ್ತ ಕೊಡ ಸಾಲಿಗೆ ಹಚ್ಚುವ ಊರಿನಲ್ಲಿ ನಾಲ್ಕು ದಿನಕ್ಕೊಂದು ಕೊಡ ಸೀದಾ ಮೋರಿಗೆ.

ಸೋರುವುದು ಎಂದರೇನು ಎಂದು ನಮ್ಮ ಕಡೆಯವರಿಗೆ ಹೇಳಿಕೊಡಬೇಕಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 33 ಗೇಟುಗಳಲ್ಲಿ 19ನೆಯದು ಸರಪಳಿ ಕಡಿದು ಕೊಚ್ಚಿಹೋಯಿತು. ಕೊಪ್ಪಳ, ರಾಯಚೂರು, ಬಳ್ಳಾರಿ ಸೀಮೆಯ ರೈತರೆಲ್ಲ ಜೀವ ಕೈಯಲ್ಲಿ ಹಿಡಿದು ಕೂತಿದ್ದರು. ಭೋರ್ಗರೆಯುವ ನೀರಿನೊಳಗೇ ಸ್ಟಾಪ್‌ಲಾಗ್ ಎಂಬ ಉಕ್ಕಿನ ಅಡ್ಡಹಲಗೆಗಳನ್ನು ಒಂದರ ಮೇಲೊಂದು ಇಳಿಸಿ ಒಂದೇ ವಾರದಲ್ಲಿ ಆ ಬಾಯಿ ಮುಚ್ಚಿದರು. ಅರವತ್ತು ಅಡಿ ಅಗಲದ ಗೇಟಿಗೆ ಒಂದು ವಾರ. ಅರ್ಧ ಇಂಚಿನ ನಳಕ್ಕೆ ಹನ್ನೊಂದು ದಿನ ಕಳೆದರೂ ಇನ್ನೂ ತಜ್ಞರು ಸ್ಥಳಕ್ಕೆ ಭೇಟಿ ಕೊಟ್ಟಿಲ್ಲ.

ಆಗಬೇಕಾದ ಕೆಲಸವಾದರೂ ಎಷ್ಟು? ಗರಗರ ತಿರುವುವ ಹಳೇ ಹಿತ್ತಾಳೆ ನಳವಾದರೆ ಒಳಗೆ ಎಂಟಾಣೆಯಷ್ಟು ಅಗಲದ ಒಂದು ರಬ್ಬರ್ ವಾಷರ್. ಬೋರಿನ ಸವಳು ನೀರಿನ ಉಪ್ಪು, ಆ ವಾಷರ್ ಕೂರುವ ಹಿತ್ತಾಳೆ ಅಂಚಿನ ಮೇಲೆ ಹರಳುಗಟ್ಟುತ್ತದೆ. ಹನಿ ಬೀಳುತ್ತದೆ. ಮನೆಮಂದಿಯೆಲ್ಲ ಹಲ್ಲು ಕಚ್ಚಿ ಇನ್ನೂ ಬಿಗಿಯಾಗಿ ತಿರುವುತ್ತಾರೆ. ಹರಳು ರಬ್ಬರನ್ನು ಕೊರೆಯುತ್ತದೆ, ಒಂದು ಹನಿ ಎರಡಾಗುತ್ತದೆ. ವಾಷರ್ ಬದಲಿಸುವಾಗ ಆ ಅಂಚನ್ನು ಬೆರಳಿನಿಂದ ಸವರಿ ನೋಡಬೇಕು. ಗುಳಿ ಬಿದ್ದಿದ್ದರೆ ಎಷ್ಟು ವಾಷರ್ ಹಾಕಿದರೂ ಅಷ್ಟೇ, ನಳವೇ ಬದಲಾಗಬೇಕು.

ಕಾಲು ಸುತ್ತು, ಅರ್ಧ ಸುತ್ತಿಗೆ ತೆರೆಯುವ ಹೊಸ ನಮೂನೆಯ ನಳಕ್ಕೆ ಈ ವಾಷರ್ ಇಲ್ಲ. ಒಳಗೆ ಎರಡು ಪಿಂಗಾಣಿ ಬಿಲ್ಲೆಗಳ ಸ್ಪಿಂಡಲ್ ಇರುತ್ತದೆ. ಉಪ್ಪು ಕಟ್ಟಿ ಸೋರುತ್ತಿದ್ದರೆ ಬಿಚ್ಚಿ, ನಿಂಬೆ ಉಪ್ಪು ಕದಡಿದ ನೀರಿನಲ್ಲಿ ಒಂದು ತಾಸು ನೆನೆಹಾಕಿದರೆ ಹೋದ ಜೀವ ಬರುವುದುಂಟು. ಮರಳಿನ ಕಣ ಸಿಕ್ಕು ಗೀರು ಬಿದ್ದಿದ್ದರೆ ಹೊಸ ಸ್ಪಿಂಡಲ್ಲೇ ಬೇಕು. ಅದರ ತಲೆಯ ಮೇಲೆ ಹಿಡಿಕೆ ಕೂರುವ ಹಲ್ಲುಗಳಿರುತ್ತವೆ, ಕೆಲವಕ್ಕೆ 20, ಕೆಲವಕ್ಕೆ 24. ನೋಡಲಿಕ್ಕೆ ಅವಳಿ ಜವಳಿ, ಆದರೆ ಒಂದರ ಹಿಡಿಕೆ ಇನ್ನೊಂದಕ್ಕೆ ಕೂರುವುದಿಲ್ಲ. ಮೊಬೈಲಿನ ಫೋಟೋ ತೋರಿಸಿದರೆ ಅಂಗಡಿಯವರು ಹಲ್ಲು ಎಣಿಸುವುದು ಹೇಗೆ? ಹಳೆಯದನ್ನೇ ಪೇಪರಿನಲ್ಲಿ ಸುತ್ತಿಕೊಂಡು ಹೋಗಬೇಕು.

ಇದಿಷ್ಟೂ ಒಂದು ತಾಸಿನ ಕೆಲಸ. ಆದರೆ ಅದಕ್ಕೆ ಮೊದಲು ಮೇಲಿನ ಟಾಕಿಯ ನೀರು ಬಂದ್ ಆಗಬೇಕಲ್ಲ! ಅಲ್ಲಿರುವುದು ಗೇಟ್ ವಾಲ್. ಮನೆ ಕಟ್ಟಿದಾಗ ತೆರೆದದ್ದು, ಗೃಹಪ್ರವೇಶದ ಹೋಳಿಗೆ ಅರಗುವ ಮೊದಲೇ ಎಲ್ಲರೂ ಮರೆತದ್ದು. ಎಂಟು ಬೇಸಿಗೆಯ ಬಿಸಿಲು, ಎಂಟು ವರ್ಷದ ಉಪ್ಪು. ಒಳಗಿನ ಹಲಗೆ ಕಚ್ಚಿಕೊಂಡು ಕೂತಿರುತ್ತದೆ. ಬಲ ಹಾಕಿದರೆ ಮೇಲಿನ ಚಕ್ರ ಸಲೀಸಾಗಿ ತಿರುಗುತ್ತದೆ, ಎಲ್ಲರಿಗೂ ಖುಷಿಯಾಗುತ್ತದೆ, ನೀರು ಮಾತ್ರ ನಿಲ್ಲುವುದಿಲ್ಲ; ಒಳಗೆ ದಂಡಿ ಕಡಿದಿರುತ್ತದೆ. ಡ್ಯಾಮಿನಲ್ಲಿ ಗೇಟು ಹೋಗಿ ನೀರು ಹರಿಯಿತು, ಇಲ್ಲಿ ಗೇಟು ಇದ್ದೂ ಹರಿಯುತ್ತದೆ. ಇನ್ನು ಉಳಿದದ್ದು ಸಾವಿರ ಲೀಟರಿನ ಟಾಕಿ ಖಾಲಿ ಮಾಡುವುದು. ಹತ್ತು ರೂಪಾಯಿಯ ವಾಷರಿಗೆ. ಯುಗಾದಿಗೊಮ್ಮೆ ದಸರೆಗೊಮ್ಮೆ ಆ ವಾಲ್ವನ್ನು ಪೂರ್ತಿ ಮುಚ್ಚಿ ತೆರೆಯುತ್ತಿದ್ದರೆ ಈ ಪ್ರಸಂಗ ಬರುವುದಿಲ್ಲ, ಹೊಸದು ಹಾಕಿಸುವುದಿದ್ದರೆ ಕಾಲು ಸುತ್ತಿನ ಬಾಲ್ ವಾಲ್ ಲೇಸು. ಇಷ್ಟೆಲ್ಲ ಬಲ್ಲವರ ಮನೆಯ ವಾಲ್ವೂ ಕಚ್ಚಿಕೊಂಡೇ ಇರುತ್ತದೆ, ಆ ಮಾತು ಬೇರೆ.

ಅಂತೂ ಒಂದು ದಿನ ಪ್ಲಂಬರ್ ಬರುತ್ತಾನೆ. ಕೈಯಲ್ಲಿ ಒಂದು ಪೈಪ್ ಪಾನಾ, ಅರ್ಧ ಮುರಿದ ಹ್ಯಾಕ್ಸಾ ಬ್ಲೇಡು, ಕಿವಿಗೆ ಮೊಬೈಲು. ನಳವನ್ನು ಒಮ್ಮೆ ನೋಡಿ, "ಯಾರ್ರೀ ಈ ಫಿಟಿಂಗ್ ಮಾಡ್ದವ್ರು?" ಎಂದು ಮುಖ ಕಿವುಚುತ್ತಾನೆ.

"ನೀನೇ ಅಲ್ಲೇನಪ್ಪಾ!"

"ಹೌದೇನ್ರಿ? ಮಾಲ್ ಚಲೋ ಇರ್ಲಿಲ್ ಬಿಡ್ರಿ ಅವಾಗ."

ಹಿಂದೆಯೇ ಆ ಮಾತು ಬರುತ್ತದೆ. "ಗಾಡಿ ಚಾವಿ ಕೊಡ್ರಿ ಸರ. ತೀನ್ ಕಂದೀಲ್ ಸರ್ಕಲ್ಲಿಗೆ ಹೋಗಿ ಟೇಪ್ ತಂದುಬಿಡ್ತೀನಿ."

ಪ್ಲಂಬರ್ ಟೇಪ್ ಇಲ್ಲದೆ ಬರುವುದು ಎಂದರೆ ಪುರೋಹಿತರು ಮಂತ್ರಾಕ್ಷತೆ ತರಲು ಕಿರಾಣಿ ಅಂಗಡಿಗೆ ಹೋದ ಹಾಗೆ. ಆದರೂ ಚಾವಿ ಕೊಡುತ್ತೇವೆ. ಮುಕ್ಕಾಲು ತಾಸಿಗೆ ಟೇಪು ಬರುತ್ತದೆ. ನೀರು ಸೋರದಂತೆ ಸುತ್ತುವ ಈ ಬಿಳಿ ಟೇಪನ್ನು, ನಳದ ತಿರುಪಿನ ಎಳೆಗಳಿರುವ ತುದಿ ನಮ್ಮ ಕಡೆ ಹಿಡಿದು, ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ಸುತ್ತಬೇಕು. ತೆಳು ಟೇಪಾದರೆ ಹತ್ತು ಹನ್ನೆರಡು ಸುತ್ತು, ಎಳೆದು ಬಿಗಿಯಾಗಿ. ಉಲ್ಟಾ ಸುತ್ತಿದರೆ ನಳ ಕೂರಿಸುವಾಗ ಎಲ್ಲ ಸುರುಳಿಯಾಗಿ ಹೊರಬಂದು ನಿಲ್ಲುತ್ತದೆ.

ಸುತ್ತುವ ಮಾತು ಆಮೇಲೆ, ಮೊದಲು ಹಳೇ ನಳ ಬಿಚ್ಚಬೇಕು. ಪಾನಾ ಹಚ್ಚಿ ಒಂದು ಹೊರಳು ಹೊರಳಿಸಿದರೆ "ಕಟಕ್". ನಳದ ಜೊತೆಗೆ ಗೋಡೆಯೊಳಗಿನ ಎಲ್ಬೋನೂ (ಪೈಪು ಹೊರಳುವ ಮೂಲೆಯ ಮೊಣಕೈ ತುಂಡು) ತಿರುಗಿ ಸೀಳುಬಿಟ್ಟಿರುತ್ತದೆ. ಈಗ ಟೈಲ್ಸ್ ಒಡೆಯಬೇಕು, ಎಲ್ಬೋ ಬೇಕು. ಚಾವಿ ಕೊಡ್ರಿ ಸರ.

ಎರಡನೇ ಸವಾರಿಗೆ ಅರ್ಧ ಇಂಚಿನ ಎಲ್ಬೋ ಬರುತ್ತದೆ, ಕೂರುವುದಿಲ್ಲ. ಗೋಡೆಯಲ್ಲಿರುವುದು ಬಿಸಿನೀರಿಗೂ ಆಗುವ ಕೆನೆಬಣ್ಣದ ಸಿಪಿವಿಸಿ, ತಂದದ್ದು ಪಿವಿಸಿ. ಎರಡರ ಹೆಸರೂ ಅರ್ಧ ಇಂಚೇ. ಆದರೆ ಸಿಪಿವಿಸಿ ಪೈಪಿನ ಹೊರಮೈ ಸುಮಾರು 16 ಮಿ.ಮೀ., ಪಿವಿಸಿಯದು 21 ದಾಟುತ್ತದೆ. "ಅರ್ಧ ಇಂಚಂದ್ರ ಅರ್ಧ ಇಂಚ್ರಿ, ನಾನೇನ್ ಮಾಡ್ಲಿ" ಎಂದು ಆತ ಅಳತೆಯ ಮೇಲೆಯೇ ಮುನಿಸಿಕೊಳ್ಳುತ್ತಾನೆ. ಮೂರನೇ ಸವಾರಿಗೆ ಸರಿಯಾದ ಎಲ್ಬೋ ಬಂತು, ಆದರೆ ಎರಡೂ ಕಡೆ ನುಣುಪು, ನಳ ತಿರುವಲು ಎಳೆಯೇ ಇಲ್ಲ. ನಾಲ್ಕನೆಯದಕ್ಕೆ ಹಿತ್ತಾಳೆ ಎಳೆ ಕೂರಿಸಿದ್ದು ಬಂತು. (ಬರೀ ಪ್ಲಾಸ್ಟಿಕ್ ಎಳೆಯದನ್ನು ಒಪ್ಪಬಾರದು, ಹಿತ್ತಾಳೆ ನಳ ನಾಲ್ಕು ಸಲ ಬಿಗಿದರೆ ಅದರ ಎಳೆ ಸವೆದುಹೋಗುತ್ತದೆ.) ಐದನೆಯದು ಗಮ್ಮಿಗೆ. ಗಮ್ ಡಬ್ಬಿ ಮನೆಯಲ್ಲೇ ಒಂದಿತ್ತು, ಆದರೆ ಒಮ್ಮೆ ತೆರೆದ ಗಮ್ಮು ಮುಂದಿನ ರಿಪೇರಿ ಹೊತ್ತಿಗೆ ಗಟ್ಟಿ ಹಲ್ವಾ ಆಗಿರುತ್ತದೆ.

ಗಮ್ ಬಂದರೆ ಪೈಪಿನಲ್ಲಿ ನೀರು ಜಿನುಗುತ್ತಿದೆ, ಹಸಿ ಪೈಪಿಗೆ ಗಮ್ ಹಿಡಿಯುವುದಿಲ್ಲ. ಇದಕ್ಕೊಂದು ಒಳ್ಳೆಯ ಉಪಾಯವಿದೆ: ಅಂಚು ಕಿತ್ತ ಬ್ರೆಡ್ಡನ್ನು ಉಂಡೆ ಮಾಡಿ ಪೈಪಿನೊಳಗೆ ತುರುಕಿದರೆ ಜಿನುಗು ತಡೆಯುತ್ತದೆ, ಅಷ್ಟರಲ್ಲಿ ಒರೆಸಿ ಜೋಡಿಸಬೇಕು. ನಳ ಹಾಕುವ ಮೊದಲು ನೀರು ಬಿಟ್ಟರೆ ಬ್ರೆಡ್ಡು ಕರಗಿ ಹೊರಬರುತ್ತದೆ. ಬ್ರೆಡ್ ಸಿಗುವ ಅಂಗಡಿ ಮನೆಯಿಂದ ಇಪ್ಪತ್ತು ಹೆಜ್ಜೆ. ಚಾವಿ ಕೊಡ್ರಿ ಸರ. ಅರ್ಧ ತಾಸಿನ ಮೇಲೆ ಒಂದು ಇಡೀ ಪೌಂಡು ಬರುತ್ತದೆ, ಒಂದು ಸ್ಲೈಸ್ ಪೈಪಿಗೆ, ಉಳಿದದ್ದು ಚಹಾಕ್ಕೆ.

ಇಪ್ಪತ್ತು ಹೆಜ್ಜೆಗೆ ಅರ್ಧ ತಾಸು ಹೇಗಾಯಿತು? ಪಕ್ಕದ ಮನೆಯವರು ಸಂಜೆ ಹೇಳುತ್ತಾರೆ: "ಏನ್ರೀ, ನಿಮ್ಮ ಗಾಡಿ ಸ್ಟೇಷನ್ ರೋಡಿನ್ಯಾಗ ನಿಂತಿತ್ತಲ್ಲ!" ನಮ್ಮ ಗಾಡಿಯ ಮೇಲೆ ಹೋಗಿ ಆತ ಇನ್ಯಾರದೋ ಮನೆಯ ಸಿಂಕು ರಿಪೇರಿ ಮಾಡಿ ಬಂದಿರುತ್ತಾನೆ. ಹಾಗಂತ ಸಿಟ್ಟು ಮಾಡುವ ಹಾಗಿಲ್ಲ. ಬೆಳಿಗ್ಗೆ ನಮ್ಮ ಮನೆ ಮುಂದೆ ಆತ ಇಳಿದ ಗಾಡಿಯೂ ಆತನದಲ್ಲ. ಆ ಗಾಡಿಯ ಮಾಲೀಕರು ಆ ಹೊತ್ತಿಗೆ ತಮ್ಮ ಮನೆಯಲ್ಲಿ ಒಡೆದ ಗೋಡೆಯ ಮುಂದೆ ಎಲ್ಬೋ ಬರುವುದನ್ನು ಕಾಯುತ್ತ ಕೂತಿರುತ್ತಾರೆ. ಊರಿನ ಅರ್ಧ ನಳಗಳು ಹೀಗೆ ಒಂದರ ಗಾಡಿಯ ಮೇಲೆ ಇನ್ನೊಂದು ರಿಪೇರಿಯಾಗುತ್ತ ಬಂದಿವೆ. ಕೊನೆಯಲ್ಲಿ ಚಾವಿ ಕೊಡುವಾಗ ಮಾತ್ರ ಆತನ ದನಿಯಲ್ಲಿ ಬೇಸರ: "ಸರ, ಗಾಡ್ಯಾಗ ಪೆಟ್ರೋಲ್ ಇಲ್ರಿ. ಬ್ರೇಕೂ ಹಿಡಿಯಂಗಿಲ್ಲ, ತೋರ್ಸಿಕೊಳ್ರಿ."

ಬಲ್ಲವರು ಇದಕ್ಕೊಂದು ದಾರಿ ಮಾಡಿಕೊಂಡಿದ್ದಾರೆ. ಟೇಪು, ಎರಡು ಹಿತ್ತಾಳೆ ಎಲ್ಬೋ, ಎರಡು ಸಾದಾ ಎಲ್ಬೋ, ಎರಡು ಜಾಯಿಂಟ್, ಸಣ್ಣ ಗಮ್ ಡಬ್ಬಿ, ಹೊಸ ಬ್ಲೇಡು ಎಲ್ಲವನ್ನೂ ಒಂದೇ ಸಲ ತಂದು ಬಿಲ್ ಜೋಪಾನ ಮಾಡುವುದು. ಗಮ್ ತಾಗದ ಫಿಟಿಂಗುಗಳನ್ನು ಸಾಮಾನ್ಯವಾಗಿ ವಾಪಸ್ ತಗೊಳ್ಳುತ್ತಾರೆ. ಹಾಗೆ ಎಲ್ಲ ಹರವಿಟ್ಟರೆ ಪ್ಲಂಬರ್ ಒಂದೊಂದನ್ನೇ ಎತ್ತಿ ನೋಡಿ, "ಎಲ್ಲಾ ಐತ್ರಿ, ಕ್ಲ್ಯಾಂಪ್ ಇಲ್ಲಲ್ರಿ?" ಎಂದು ಕೈ ಮುಂದೆ ಚಾಚುತ್ತಾನೆ.

ಮಜೂರಿ ಕೇಳಿದರೆ "ನಿಮಗ ಗೊತ್ತಿಲ್ಲೇನ್ರಿ, ನೀವ ತಿಳದು ಕೊಡ್ರಿ" ಎನ್ನುತ್ತಾನೆ. ತಿಳಿದು ಕೊಟ್ಟಷ್ಟು ದುಬಾರಿ ಬೇರೊಂದಿಲ್ಲ. ಒಡೆದ ಟೈಲ್ಸಿಗೆ ಗೌಂಡಿ ಬೇರೆ. "ಆ ಡಿಸೈನು ಬಂದ್ ಆಗಿ ಯಾವ ಕಾಲ ಆತ್ರಿ" ಎಂದು ಅಂಗಡಿಯವರು ನಗುತ್ತಾರೆ. ಮನೆ ಕಟ್ಟುವಾಗ ಪ್ರತಿ ಡಿಸೈನಿನದು ನಾಲ್ಕಾದರೂ ಎತ್ತಿಡದವರ ಬಚ್ಚಲಗೋಡೆ ಕೌದಿಯ ಹಾಗೆ ಕಾಣುತ್ತದೆ.

ನಳಕ್ಕೆ ದುಡ್ಡು ಬಿಚ್ಚಿದ ಸುದ್ದಿ ಮನೆಯ ಉಳಿದ ಸಾಮಾನುಗಳಿಗೆ ಹೇಗೆ ಮುಟ್ಟುತ್ತದೋ, ಮರುದಿನವೇ ಫ್ಯಾನು ಮುದುಕರ ಹಾಗೆ ನಡೆಯುತ್ತದೆ. ಅದು ಬಹಳ ಸಲ ಕಂಡೆನ್ಸರ್ ಅಷ್ಟೇ, ಮೇಲೆ 2.5 ಮೈಕ್ರೋಫ್ಯಾರಡ್ ಎಂದು ಬರೆದದ್ದು ಕೇಳಿ ತರಬೇಕು. ಕೂಲರಿನ ಪಂಪು ನಿಲ್ಲುವುದೂ ಶಕ್ತಿನಗರದ 1,720 ಮೆಗಾವಾಟಿನ ವಿದ್ಯುತ್ ಸ್ಥಾವರದ ಪಕ್ಕದಲ್ಲಿ ಕೂತು ಬೆವರುವ ಮೇ ತಿಂಗಳಲ್ಲೇ. ಕೂಲರಿನಲ್ಲಿ ಆವಿಯಾಗುವುದು ಬರೀ ನೀರು, ಉಪ್ಪೆಲ್ಲ ತಳದಲ್ಲೇ ಉಳಿಯುತ್ತದೆ. ಮೇಲೆ ಮೇಲೆ ನೀರು ಸುರಿಯುತ್ತ ಹೋದರೆ ವಾರದಲ್ಲಿ ಉಪ್ಪಿನಕಾಯಿಯ ಜಾಡಿ. ವಾರಕ್ಕೊಮ್ಮೆ ಪೂರ್ತಿ ಚೆಲ್ಲಿ ಪಂಪಿನ ಜಾಲರಿ ತೊಳೆಯಬೇಕು, ನೀರಿಲ್ಲದೆ ಪಂಪು ಓಡಿಸಬಾರದು. ತಗಡಿನ ಕೂಲರಿಗೆ ಅರ್ತಿಂಗ್ ಇಲ್ಲದಿದ್ದರೆ ಮುಟ್ಟಲೇಬಾರದು, ನೀರು ಹಾಕುವಾಗ ಪ್ಲಗ್ಗನ್ನೇ ಕಿತ್ತಿಡಬೇಕು. ಇದರಲ್ಲಿ ತಮಾಷೆ ಇಲ್ಲ.

ಮಣ್ಣಿನ ಮಾಳಿಗೆಯ ಮನೆಗಳಿದ್ದಾಗ ಮನೆ ಕೇಳುವ ಖರ್ಚಿಗೂ ತಿಥಿ ಇತ್ತು. ಕಾರಹುಣ್ಣಿಮೆಯ ಆಜುಬಾಜು, ಮಳೆ ಹಿಡಿಯುವ ಮೊದಲು, ಬಂಡಿಯಲ್ಲಿ ಸವಳು ಮಣ್ಣು ತಂದು ಮಾಳಿಗೆಗೆ ಹರವಿದರೆ ಆ ವರ್ಷದ ಮಟ್ಟಿಗೆ ಮುಗಿಯಿತು. ಸವಳು ಮಣ್ಣು ತೊಯ್ದ ಕೂಡಲೇ ಹುಡಿಯಾಗಿ ಕರಗಿ ಸಂದುಗಳನ್ನೆಲ್ಲ ಮೆತ್ತಿ ನೀರು ಇಳಿಯಗೊಡುವುದಿಲ್ಲ. ಹೊಲ ಕೆಡಿಸುವ ಮಣ್ಣೇ ಮನೆ ಕಾಯುತ್ತಿತ್ತು. ಕಲಾಯಿಯವನು ತಾನೇ ಓಣಿಗೆ ಬಂದು ಕೂಗುತ್ತಿದ್ದ, ತಿದಿ, ಇದ್ದಲಿ, ನವಸಾಗರ, ತವರ ಎಲ್ಲ ಆತನ ಹೆಗಲಿಗೇ ಇರುತ್ತಿದ್ದವು, ಯಾರ ಗಾಡಿಯನ್ನೂ ಕೇಳಿದವನಲ್ಲ. ಆ ಮಾಳಿಗೆಗಳೂ ಸೋರುತ್ತಿದ್ದವು, ಸುಳ್ಳು ಯಾಕೆ. ಎಲ್ಲಿ ಸೋರುತ್ತದೆ ಎಂಬುದು ಮನೆಯ ಮುದುಕಿಗೆ ಕತ್ತಲಲ್ಲೂ ಗೊತ್ತಿರುತ್ತಿತ್ತು. ಎದ್ದು ಹೋಗಿ ಅಲ್ಲೊಂದು ಬೋಗುಣಿ ಇಟ್ಟು, ಮಗ್ಗುಲಿನ ಕೂಸನ್ನು ಆಚೆ ಸರಿಸಿ, ಮತ್ತೆ ಮಲಗುತ್ತಿದ್ದಳು.

ಟಪ್.

ಮೀಟರ್ ಬೋರ್ಡಿನ ಪಕ್ಕ ಪೆನ್ಸಿಲಿನಲ್ಲಿ ಗೀಚಿದ ಪ್ಲಂಬರನ ನಂಬರು ಮಸ್ಕಿಯ ಅಶೋಕನ ಶಾಸನದ ಹಾಗೆ ಎಷ್ಟು ಸಲ ಸುಣ್ಣ ಬಳಿದರೂ ಉಳಿದುಕೊಂಡಿದೆ. ಸುಣ್ಣ ಹಚ್ಚುವವರೂ ಅಷ್ಟು ಜಾಗ ಬಿಟ್ಟೇ ಹಚ್ಚುತ್ತಾರೆ. ಆ ನಂಬರಿನಿಂದ ಇದೀಗ ಫೋನು.

"ಸರ, ನಮಸ್ಕಾರ್ರಿ. ಬರಾಕತ್ತೀನ್ರಿ, ಹತ್ತು ನಿಮಿಷ. ಗಾಡಿ ಮನ್ಯಾಗ ಐತೇನ್ರಿ?"

"ಐತಪ್ಪ."

"ಪೆಟ್ರೋಲ್ ಹಾಕ್ಸೀರೇನ್ರಿ?"