ಮೇಜರ್ ಸಾಹೇಬರ ಮೆಸ್

ನಮ್ಮ ಬೆಟ್ಟಾ ಮೀನಿನ ಹೆಸರು ಮೇಜರ್. ಅಂಗಡಿಯವನು ‘ಫೈಟರ್’ ಅಂತ ಕೊಟ್ಟ. ಮಡಿಕೇರಿಯಲ್ಲಿ ಫೈಟರ್ ಅಂದಮೇಲೆ ಒಂದು ರ‍್ಯಾಂಕ್ ಬೇಡ್ವಾ?

ಮೇಜರ್ ಹೊಟ್ಟೆ ಹೆಚ್ಚುಕಡಿಮೆ ಅವರ ಕಣ್ಣಿನಷ್ಟೇ. ಬೆಳಿಗ್ಗೆ ಮೀನಿನ ಆಹಾರದ ಎರಡು ಮೂರು ಕಾಳು, ಸಂಜೆ ಅಷ್ಟೇ. ಇದನ್ನು ನಮ್ಮ ಅತ್ತೆಗೆ ಹೇಳಿ ನೋಡಿ. ಬಂದವರ ತಟ್ಟೆಗೆ ನಾಲ್ಕನೇ ಕಡಂಬುಟ್ಟು ಬೀಳಿಸದೆ ಬಿಡುವ ಕೈ ಅಲ್ಲ ಅದು.

“ಪಾಪ, ಬಾಯಿ ಬಾಯಿ ಬಿಡ್ತಿದೆ” ಅಂತ ಅಕ್ಕಿ ರೊಟ್ಟಿ ಚೂರು ಹಾಕಿದರು. ಬೆಟ್ಟಾ ಮೇಲೆ ಬಂದು ಬಾಯಿ ಬಿಡುವುದು ಗಾಳಿ ಎಳೆದುಕೊಳ್ಳೋಕೆ, ಹಸಿವಿಗಲ್ಲ. ಅದು ಹುಳ ತಿನ್ನುವ ಜಾತಿ ಬೇರೆ. ರೊಟ್ಟಿಯನ್ನು ಬಾಯಿಗೆ ಹಾಕಿ ತುಪುಕ್ ಅಂತ ಉಗಿಯಿತು. ಅತ್ತೆಗೆ ಅವಮಾನ.

ಆ ರಾತ್ರಿ ನಮ್ಮ ಯಜಮಾನರು ಒಣ ಹುಳ ಒಂದು ಚಿಟಿಕೆ ಸುರಿದರು. ನೆನೆಸದೇ! ಅದು ಹೊಟ್ಟೆಯೊಳಗೆ ಹೋಗಿ ಅವಲಕ್ಕಿಯ ಹಾಗೆ ಉಬ್ಬುತ್ತದೆ. ಬೆಳಿಗ್ಗೆ ನೋಡಿದರೆ ಮೇಜರ್, ಮದುವೆ ಮನೆಯ ಪಂದಿ ಕರಿ ಮುಗಿಸಿದ ನೆಂಟರ ಹಾಗೆ ಒಂದು ಪಕ್ಕಕ್ಕೆ ವಾಲಿಕೊಂಡಿದ್ದರು. ಎರಡು ದಿನ ಉಪವಾಸ ಹಾಕಿದೆ. ಮೀನು ಚೇತರಿಸಿಕೊಂಡಿತು. ಆ ಎರಡು ದಿನ ಅತ್ತೆ ನನ್ನ ಜೊತೆ ಮಾತಾಡಲಿಲ್ಲ.

ಬರೀ ಕಾಳು ಹಾಕಿದರೂ ಸಾಲದು, ಬದಲಾಯಿಸುತ್ತಿರಬೇಕು. ಅದಕ್ಕೆ ಫ್ರೀಜರ್‌ನಲ್ಲಿ ಬ್ಲಡ್‌ವರ್ಮ್ ಅನ್ನೋ ಕೆಂಪು ಹುಳ ಇಟ್ಟೆ. ಜುಲೈ ಮಳೆಗೆ ಮೂರು ದಿನ ಕರೆಂಟ್ ಇಲ್ಲ. ಕೆಂಪು ಗಟ್ಟಿಗಳೆಲ್ಲ ಕರಗಿ, ಪಕ್ಕದ ಪಂದಿ ಮಾಂಸದ ಪೊಟ್ಟಣದ ಮೇಲೆ ಹರಿದಿದ್ದವು. ಮಾಂಸ ಎಸೆದವರು ಯಜಮಾನರು. ಎಸೆಯುವಾಗ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ.

ಸುಮ್ನೆ ದುಡ್ಡು ಯಾಕೆ ಅಂತ ಹಿತ್ತಲಲ್ಲಿ ಬಕೆಟ್ ಇಟ್ಟು ಸೊಳ್ಳೆ ಮರಿ ಸಾಕತೊಡಗಿದೆ. ಮರಿ ಕಂಡ ಕೂಡಲೇ ಮೇಲೆ ಹಳೇ ಸೊಳ್ಳೆ ಪರದೆ ಕಟ್ಟಿದ್ದೆ. ವಾರದೊಳಗೆ ಎಲ್ಲ ಸೋಸಿ ತೆಗೆಯಲೇಬೇಕು, ಇಲ್ಲದಿದ್ದರೆ ರೆಕ್ಕೆ ಬಂದು ನಮ್ಮನ್ನೇ ತಿನ್ನುತ್ತವೆ. ಮೇಜರ್‌ಗಂತೂ ಪರೇಡ್ ದಿನದ ಸಂಭ್ರಮ. ಹುಳ ಕುಣಿಯುತ್ತಾ ಇಳಿದರೆ ರೆಕ್ಕೆ ಅಗಲಿಸಿ, ಒಂದು ಕ್ಷಣ ನಿಂತು ಗುರಿ ಹಿಡಿದು, ಟಪ್!

ಆಗಲೇ ಡೆಂಗ್ಯೂ ಲಾರ್ವಾ ಸರ್ವೆಗೆ ಆಶಾ ಕಾರ್ಯಕರ್ತೆ ಬಂದರು. ಬಕೆಟ್ಟಿಗೆ ಟಾರ್ಚ್ ಹಾಕಿದರು.

“ಅಕ್ಕಾ, ಇದರಲ್ಲಿ ಹುಳ ಇದೆ.”

“ಗೊತ್ತು. ನಾನೇ ಸಾಕಿದ್ದು.”

ಟಾರ್ಚ್ ನನ್ನ ಮುಖಕ್ಕೆ ತಿರುಗಿತು. ಒಳಗೆ ಕರೆದು ಮೇಜರ್‌ನ ತೋರಿಸಿದೆ. ಥೈಲ್ಯಾಂಡ್‌ನವರು 2019ರಲ್ಲಿ ಇದನ್ನು ರಾಷ್ಟ್ರೀಯ ಜಲಚರ ಮಾಡಿಕೊಂಡಿದ್ದಾರೆ ಅಂತಲೂ ಹೇಳಿದೆ. “ಅದು ಥೈಲ್ಯಾಂಡ್‌ನಲ್ಲಿ” ಅಂದವರೇ ಬಕೆಟ್ ಅಂಗಳಕ್ಕೆ ಸುರಿದರು. ಅತ್ತೆ ಅವರಿಗೆ ಕಾಫಿ ಕೊಟ್ಟರು, ನನಗಿಲ್ಲ.

ಮುಂದಿನ ವಾರ ಮತ್ತೆ ಬಂದರು. ಮೂಲೆ ಮೂಲೆ ನೋಡಿ, ಫಾರಂ ತುಂಬಿ, ಹೊರಡುವಾಗ ಚೀಲದಿಂದ ಬಿಗಿಯಾಗಿ ಮುಚ್ಚಿದ ಪುಟ್ಟ ಬಾಟಲಿ ತೆಗೆದರು.

“ಆಚೆ ಬೀದಿ ಡ್ರಮ್‌ನಲ್ಲಿ ಸಿಕ್ತು ಅಕ್ಕಾ. ಹೇಗೂ ಚೆಲ್ಲೋದೇ ಅಲ್ವಾ. ನಿಮ್ಮ ಮೇಜರ್‌ಗೆ.”

ಅತ್ತೆ ಕನ್ನಡಕ ಏರಿಸಿ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದರು.

“ಇಷ್ಟೇನಾ?”