ರತ್ನಗಂಬಳಿ ಸ್ಕಾರ್ಫಿಗೆ ಸೆರಗಿನ ಲೆಕ್ಕ ಬೇಕು

ಇಲ್ಲಿ ದುಬೈ ಅಂಗಡಿಗಳಲ್ಲಿ ಪರ್ಷಿಯನ್ ರತ್ನಗಂಬಳಿಯ ವಿನ್ಯಾಸದ ರೇಷ್ಮೆ ಸ್ಕಾರ್ಫುಗಳು ಬೇಕಾದಷ್ಟಿವೆ. ಹರಡಿಟ್ಟಾಗ ಕಣ್ಣು ತುಂಬುತ್ತವೆ, ಕೊರಳಿಗೆ ಸುತ್ತಿದರೆ ಬಹಳಷ್ಟರಲ್ಲಿ ವಿನ್ಯಾಸವೇ ಮಾಯ. ನಮ್ಮ ಇಳಕಲ್ ನೇಕಾರರು ಸೀರೆಯನ್ನು ಉಟ್ಟ ರೂಪದಲ್ಲೇ ಕಲ್ಪಿಸಿಕೊಂಡು ನೇಯುತ್ತಾರೆ: ಒಡಲು ಸರಳ, ಬೆಡಗೆಲ್ಲ ದಡಿಗೆ, ಟೋಪ್ ತೆನಿ ಎಂಬ ಇಳಕಲ್ ಶೈಲಿಯ ಸೆರಗಿಗೆ. ಈ ಸ್ಕಾರ್ಫುಗಳಲ್ಲಿ ಇಲ್ಲದ್ದು ಆ ಲೆಕ್ಕ.

90 ಸೆಂ.ಮೀ. ಚೌಕವನ್ನು ಮೂಲೆಯಿಂದ ಮೂಲೆಗೆ ಪಟ್ಟಿಯಾಗಿ ಮಡಿಸಿದರೆ ಸುಮಾರು 127 ಸೆಂ.ಮೀ. ಉದ್ದ ಸಿಗುತ್ತದೆ. ನಡುವಿನ ದೊಡ್ಡ ಪದಕ, ಅಂದರೆ ತೊರಂಜ್, ಕತ್ತಿನ ಹಿಂದೆ ಕಾಲರ್ ಅಡಿ ಸೇರುತ್ತದೆ. ಮುಂದೆ ಇಳಿಬೀಳುವುದು ಎರಡು ಮೂಲೆಗಳ ಲಚಕ್, ಅಂದರೆ ಮೂಲೆಯ ವಿನ್ಯಾಸ, ಮಾತ್ರ. ಇರಾನಿನ ತಲೆವಸ್ತ್ರ ರೂಸರಿಯ ಹಾಗೆ ತ್ರಿಕೋನವಾಗಿ ತಲೆಗೆ ಹೊದ್ದರಂತೂ ತೊರಂಜ್ ಮಡಿಕೆಯಲ್ಲಿ ಅರ್ಧಕ್ಕೆ ತುಂಡು. ಕುಸುರಿಯೆಲ್ಲ ಮೂಲೆಗೆ ಹೋಗಲಿ, ನಡುಭಾಗ ತೆರವಾಗಿರಲಿ ಎಂಬುದು ನನ್ನ ಖಚಿತ ಅಭಿಪ್ರಾಯ. ಇದು ಪರಂಪರೆಗೆ ಅಪಚಾರವೇನಲ್ಲ. 1539–40ರ ಇರಾನಿನ ಅರ್ದಬೀಲ್ ರತ್ನಗಂಬಳಿಯಲ್ಲೂ ನಡುವಿನ ಪದಕದ ಕಾಲುಭಾಗವೇ ಒಂದೊಂದು ಮೂಲೆಯಲ್ಲಿ ಮತ್ತೆ ಮೂಡಿದೆ.

ಹಾಳಾಗುವುದು ರತ್ನಗಂಬಳಿಯ ಫೋಟೋ ಕುಗ್ಗಿಸಿ ಅಚ್ಚು ಹಾಕುವುದರಿಂದ. 2×3 ಮೀಟರಿನದನ್ನು 90 ಸೆಂ.ಮೀ. ಚೌಕಕ್ಕೆ ಒತ್ತಿದರೆ ತೊರಂಜ್ ಚಪ್ಪಟೆಯಾಗುತ್ತದೆ. 2 ಸೆಂ.ಮೀ. ಹೊರಪಟ್ಟಿ ಎರಡು ಬದಿಗಳಲ್ಲಿ 9, ಉಳಿದೆರಡರಲ್ಲಿ 6 ಮಿ.ಮೀ.ಗೆ ಇಳಿಯುತ್ತದೆ, ಅಂಚು ಸುರುಳಿ ಸುತ್ತಿ ಹೊಲಿಯುವಾಗ ಅದು ಒಂದು ಕಡೆ ಉಳಿದು ಇನ್ನೊಂದು ಕಡೆ ಒಳಗೆ ಹೋಗುತ್ತದೆ. ಫೋಟೋದಲ್ಲಿ ಬಂದ ಉಣ್ಣೆಯ ನೆರಳು ರೇಷ್ಮೆಯ ಮೇಲೆ ಕೊಳೆಯಾಗಿ ಕಾಣುತ್ತದೆ. ಇರಾನಿನ ನಕ್ಷೆಗಾರರ ದಾರಿಯೇ ಸರಿ: ಕಾಲುಭಾಗ ಮಾತ್ರ ಕೈಯಲ್ಲಿ ಬರೆದು, ಕನ್ನಡಿಯ ಬಿಂಬದಂತೆ ತಿರುವಿ ನಾಲ್ಕಾಗಿಸುವುದು. ಹೊರಗೆ ಸುತ್ತಲೂ 1 ಸೆಂ.ಮೀ. ಅಂಚಿನದೇ ಬಣ್ಣದ ಖಾಲಿ ಜಾಗ ಬಿಟ್ಟರೆ ಹೊಲಿಗೆ ಅದನ್ನಷ್ಟೇ ತಿನ್ನುತ್ತದೆ.

ಬಟ್ಟೆ 14ರಿಂದ 16 ಮೊಮ್ಮೆಯ (ಮೊಮ್ಮೆ ರೇಷ್ಮೆಯ ತೂಕದ ಅಳತೆ) ಟ್ವಿಲ್, ಅಂದರೆ ಓರೆಗೆರೆಯ ನೇಯ್ಗೆ, ಇರಲಿ. 16 ಎಂದರೆ ಚದರ ಮೀಟರಿಗೆ ಸುಮಾರು 69 ಗ್ರಾಂ. ತೆಳು ಶಿಫಾನಿನಲ್ಲಿ ಒಳಮಡಿಕೆಯ ಬಣ್ಣ ಇಣುಕಿ ಎಸ್ಲಿಮಿ ಎಂಬ ಸುರುಳಿ ಬಳ್ಳಿಗಳು ಕಲಸಿಹೋಗುತ್ತವೆ. ಅಚ್ಚಾದ ಕೂಡಲೇ ಕೆಂಪು, ನೀಲಿ ಮಂಕಾಗಿರುತ್ತವೆ, ಹಬೆ ಕೊಟ್ಟ ಮೇಲೆಯೇ ಬಣ್ಣ ಏಳುವುದು. ಹಬೆ ಸಾಲದಿದ್ದರೆ ತೊಳೆಯುವಾಗ ಗಾಢ ಕೆಂಪು ಬಿಳಿ ಬಳ್ಳಿಗೆ ಹರಿಯುತ್ತದೆ. ತೇವ ಹೆಚ್ಚಾದರೆ ಹಬೆಯಲ್ಲೇ ಗೆರೆಗಳು ಹರಡುತ್ತವೆ.

ನವಲಗುಂದ ಜಮಖಾನದ ವಿನ್ಯಾಸವನ್ನು ಮೈಸೂರು ರೇಷ್ಮೆಗೆ ತರಲು ಹೊರಡುವವರಿಗೂ ಇದೇ ಲೆಕ್ಕ. ಕೊಳ್ಳುವವರು ಅಂಗಡಿಯಲ್ಲೇ ಮಡಿಸಿ, ಗಂಟು ಹಾಕಿ ನೋಡಿ. ಹಿಂಬದಿ ತೀರಾ ಬಿಳುಚಿಕೊಂಡಿದ್ದರೆ ಬಣ್ಣ ನೂಲಿನೊಳಗೆ ಇಳಿದಿಲ್ಲ. ಗಂಟಿನ ಬಳಿ ಎದ್ದು ಕಾಣುವುದು ಆ ಬಿಳುಪೇ.